‘ಬರೀ ಮಾದರಿ ತಾನೇ?’



ವಸತಿ ಸಮುಚ್ಚಯಗಳ ಮಾರಾಟ ಕಚೇರಿಯನ್ನು ಹೊಕ್ಕಾಗ ಗಾಜಿನ ಪೆಟ್ಟಿಗೆಯೊಳಗೆ ನಿಂತ ಪುಟ್ಟ ಕಟ್ಟಡವನ್ನು ನೀವು ಕಂಡಿರಬಹುದು. ಅದರ ಬಾಲ್ಕನಿಗೆ ಕಟಕಟೆಯಿದೆ, ಕಿಟಕಿಗೆ ಸರಳುಗಳಿವೆ, ಮುಂಬಾಗಿಲಿಗೆ ಗೇಟೂ ಇದೆ. ಉಗುರಿಗಿಂತ ಕಿರಿದಾದ ಈ ಲೋಹದ ತುಣುಕುಗಳ ಬಗ್ಗೆ ಮಾತೆತ್ತಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಬರೀ ಮಾದರಿ ತಾನೇ?’ ಈ ಮೂರು ಪದಗಳ ಮೇಲೆಯೇ ನನ್ನ ತಕರಾರು. ದುಡಿಯುವವನ ಬಗೆಗಿನ ತಾತ್ಸಾರ, ಮಾರುವವನ ಸುಳ್ಳು, ಪರಿಸರದ ಬಗೆಗಿನ ಉದಾಸೀನ ಈ ಮೂರೂ ಆ ಮೂರು ಪದಗಳಲ್ಲಿ ಅಡಗಿ ಕುಳಿತಿವೆ.

ಮೊದಲು ಕೆಲಸವನ್ನು ನೋಡೋಣ. ತೆಳುವಾದ ಹಿತ್ತಾಳೆ ತಗಡಿಗೆ ಬೆಳಕಿಗೆ ಸ್ಪಂದಿಸುವ ಲೇಪನವನ್ನು ಹಚ್ಚಿ, ನಕ್ಷೆಯಿರುವ ಫಿಲ್ಮನ್ನು ಮೇಲಿಟ್ಟು, ಅತಿನೇರಳೆ ಬೆಳಕಿಗೆ ಒಡ್ಡುತ್ತಾರೆ. ಬಳಿಕ ಬೇಡದ ಕಡೆಯ ಲೇಪನವನ್ನು ತೊಳೆದು ತೆಗೆದರೆ, ಫೆರಿಕ್ ಕ್ಲೋರೈಡ್ ದ್ರಾವಣವು ಬಯಲಾದ ಲೋಹವನ್ನು ಮಾತ್ರ ಕರಗಿಸುತ್ತದೆ. ಮಡಿಸಬೇಕಾದ ಗೆರೆಯಲ್ಲಿ ಒಂದೇ ಬದಿಯಿಂದ ಅರ್ಧ ಆಳ ಕೊರೆದರೆ ತಗಡು ಅಲ್ಲಿಯೇ ನೇರವಾಗಿ ಮಡಿಯುತ್ತದೆ. ಆಮೇಲೆ ಚಿಮಟ, ಸಣ್ಣ ಅರ, ಭೂತಗನ್ನಡಿ ಮತ್ತು ಒಂದು ಹನಿಯಷ್ಟು ಬೆಸುಗೆ. ಎಲೆಕ್ಟ್ರಾನಿಕ್ಸ್ ಸರ್ಕೀಟ್ ಹಲಗೆಯ ಮೇಲಿನ ತಾಮ್ರದ ಗೆರೆಗಳು ಮೂಡುವುದೂ ಬಹುಮಟ್ಟಿಗೆ ಇದೇ ವಿದ್ಯೆಯಿಂದ.

ಇಲ್ಲಿ ಲೆಕ್ಕವಿದೆ, ವಿವೇಕವೂ ಇದೆ. 1:200ರ ಅಳತೆಯಲ್ಲಿ ಒಂದು ಮೀಟರ್ ಎತ್ತರದ ಕಟಕಟೆ 5 ಮಿಲಿಮೀಟರ್ ಆಗುತ್ತದೆ. 12 ಮಿಲಿಮೀಟರ್ ದಪ್ಪದ ಸರಳು 0.06 ಮಿಲಿಮೀಟರ್, ಅಂದರೆ ತಲೆಗೂದಲಿನಷ್ಟು. ದ್ರಾವಣವು ಕೆಳಕ್ಕೆ ಕೊರೆಯುವಾಗ ಪಕ್ಕಕ್ಕೂ ತಿನ್ನುವುದರಿಂದ, ಸೀಳಿನ ಅಗಲ ತಗಡಿನ ದಪ್ಪಕ್ಕಿಂತ ಕಡಿಮೆಯಿರಬಾರದೆಂಬುದು ಈ ಕಸುಬಿನ ಸಾಮಾನ್ಯ ನಿಯಮ. ಹಾಗಾಗಿ ಎಲ್ಲ ಸರಳುಗಳನ್ನೂ ತೋರಿಸಲಾಗದು. ಕೆಲವನ್ನು ಬಿಟ್ಟು, ಉಳಿದವನ್ನು ತುಸು ದಪ್ಪವಾಗಿಸಿ, ನೋಡುವ ಕಣ್ಣಿಗೆ ಕಟಕಟೆ ಕಟಕಟೆಯಾಗಿಯೇ ಕಾಣುವಂತೆ ಮಾಡುವುದು ಕುಶಲಕರ್ಮಿಯ ಜಾಣ್ಮೆ. ಇದು ಲೋಹದ ಮಿತಿಗೆ ತಲೆಬಾಗಿದ ಪ್ರಾಮಾಣಿಕತೆ.

ಆದರೆ ಇನ್ನೊಂದು ಬಗೆಯ ಕೈಬಿಡುವಿಕೆಯಿದೆ. ಪಕ್ಕದ ಮೋರಿ ಮಾದರಿಯಲ್ಲಿ ಮಾಯವಾಗುತ್ತದೆ. ವಾಹನಗಳನ್ನು ಅಳತೆಗಿಂತ ಚಿಕ್ಕದಾಗಿಟ್ಟರೆ ನಿಲುಗಡೆಯ ಜಾಗ ವಿಶಾಲವಾಗಿ ತೋರುತ್ತದೆ. ಇದನ್ನು ಬೇಡುವುದು ಹಿತ್ತಾಳೆಯಲ್ಲ, ವ್ಯಾಪಾರ. ಮಿತಿಯಿಂದ ಬಿಟ್ಟದ್ದಕ್ಕೂ ಮೋಸಕ್ಕಾಗಿ ಬಿಟ್ಟದ್ದಕ್ಕೂ ಇರುವ ಅಂತರವನ್ನು ‘ಬರೀ ಮಾದರಿ’ ಎಂಬ ಮಾತು ಅಳಿಸಿಹಾಕುತ್ತದೆ. ಇಪ್ಪತ್ತು ವರ್ಷ ಸಾಲ ತೀರಿಸಲು ಒಪ್ಪುವ ಕುಟುಂಬಕ್ಕೆ ಮನೆ ಇನ್ನೂ ಏಳುವ ಮುನ್ನ ಕಣ್ಣಿಗೆ ಕಾಣುವುದು ಆ ಮಾದರಿಯಷ್ಟೇ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 12ನೆಯ ಪ್ರಕರಣವು, ಜಾಹೀರಾತು ಅಥವಾ ಮಾದರಿ ಅಪಾರ್ಟ್‌ಮೆಂಟ್, ನಿವೇಶನ, ಕಟ್ಟಡವನ್ನು ನಂಬಿ ಮುಂಗಡ ಕೊಟ್ಟವರು ಅದರಲ್ಲಿನ ತಪ್ಪು ಮಾಹಿತಿಯಿಂದ ನಷ್ಟಕ್ಕೀಡಾದರೆ ಪರಿಹಾರ ನೀಡಬೇಕೆನ್ನುತ್ತದೆ. ಗಾಜಿನ ಪೆಟ್ಟಿಗೆಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂದು ವಕೀಲರು ವಾದಿಸಲಿ; ತೋರಿಸಿದ್ದು ಮಾತು ಕೊಟ್ಟಂತೆ ಎಂಬ ನೀತಿಗೆ ವಕೀಲರು ಬೇಕಿಲ್ಲ.

ಇನ್ನು ದುಡಿಯುವ ಕೈಗಳು. ಲಗ್ಗೆರೆಯ ಓಣಿಗಳಲ್ಲಿ ನಡೆದವರಿಗೆ ಲೇತು, ಪ್ರೆಸ್ಸು, ಬೆಸುಗೆಯ ಸದ್ದು ಹೊಸದಲ್ಲ. 1970ರ ದಶಕದಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳು ಇಂಥ ಸಣ್ಣ ಶೆಡ್ಡುಗಳ ಮೇಲೂ ನಿಂತಿವೆ. ಕೂದಲೆಳೆಯ ಅಳತೆಯಲ್ಲಿ ಲೋಹವನ್ನು ಪಳಗಿಸಬಲ್ಲ ಕೈಗಳು ನಮ್ಮ ನೆರೆಯಲ್ಲಿಯೇ ಇವೆ. ಆದರೂ ‘ಓದು ಹತ್ತಲಿಲ್ಲ, ಅದಕ್ಕೇ ವರ್ಕ್‌ಶಾಪಿಗೆ ಹಾಕಿದೆವು’ ಎಂದು ಮಗನನ್ನು ಎದುರಿಗಿಟ್ಟುಕೊಂಡೇ ಹೇಳುವ ತಂದೆತಾಯಿಯರು ಎಷ್ಟಿಲ್ಲ! 0.2 ಮಿಲಿಮೀಟರ್ ತಗಡಿನಲ್ಲಿ ಕಿಟಕಿ ಬಿಡಿಸುವುದು ಓದಲ್ಲವೇ? ಪೀಣ್ಯದಲ್ಲಿ ಎನ್‌ಟಿಟಿಎಫ್ ಇದೆ, ರಾಜಾಜಿನಗರದಲ್ಲಿ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಸೋತವರ ಆಶ್ರಯವೆಂದಲ್ಲ, ಬುದ್ಧಿವಂತರ ಆಯ್ಕೆಯೆಂದು ಅವುಗಳ ಬಾಗಿಲು ತಟ್ಟಬೇಕು.

ಮೂರನೆಯದು, ಚರಂಡಿ. ಬಳಸಿದ ಫೆರಿಕ್ ಕ್ಲೋರೈಡಿನಲ್ಲಿ ಕರಗಿದ ತಾಮ್ರ ಉಳಿದಿರುತ್ತದೆ. ಅದು ಜಲಚರಗಳಿಗೆ ವಿಷ. ಸೀಸ ಬೆರೆತ ಬೆಸುಗೆಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಉಂಡರೆ ಸೀಸ ಒಡಲು ಸೇರುತ್ತದೆ. ‘ಇಷ್ಟು ಸಣ್ಣ ಕೆಲಸದಿಂದ ಏನಾದೀತು?’ ಎನ್ನುವವರಿಗೆ ವೃಷಭಾವತಿಯೇ ಉತ್ತರ. ಊರಿನ ಕೊಳೆಯನ್ನು ಹೊತ್ತು ಬೈರಮಂಗಲದ ಕಡೆಗೆ ಸಾಗುವ ಆ ಹೊಳೆಯನ್ನು ಕೆಡಿಸಿದವರಲ್ಲಿ ಸಣ್ಣ ಸಣ್ಣ ಬಕೆಟ್ಟುಗಳೂ ಸೇರಿವೆ.

ಹೊಸ ದೇವಾಲಯಕ್ಕೋ ಶಾಲೆಗೋ ಹಣ ಕೂಡಿಸುವಾಗ ನಮ್ಮ ಧರ್ಮಕೇಂದ್ರಗಳೂ ಮಾದರಿಯನ್ನು ಜನರ ಮುಂದಿಡುತ್ತವೆ. ಆದುದರಿಂದ ಈ ಮಾತು ಬಿಲ್ಡರುಗಳಿಗಷ್ಟೇ ಸಲ್ಲುವುದಲ್ಲ. ಮಾದರಿಯನ್ನು ಮಾಡಿಸುವವರು ಚೌಕಾಸಿಯಿಂದ ಕುಶಲಕರ್ಮಿಯ ಕೂಲಿಯನ್ನು ಕರಗಿಸದಿರಲಿ, ಇಲ್ಲದ ಗೋಪುರವನ್ನು ಅವನಿಂದ ಕಟ್ಟಿಸದಿರಲಿ. ಮನೆ ಕೊಳ್ಳುವವರು ‘ಇದರ ಅಳತೆ ಎಷ್ಟು? ಇಲ್ಲಿ ಬಿಟ್ಟದ್ದು ಏನು?’ ಎಂದು ಅಂಜದೆ ಕೇಳಲಿ. ಮಾದರಿ ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲವೇ? ಅನುಸರಿಸತಕ್ಕದ್ದು ಎಂದು. ಸುಳ್ಳಾಡುವ ಮಾದರಿ ಯಾರಿಗೆ ಮಾದರಿಯಾದೀತು?