ಕಾಲು ಮೈಲಿ ಹತ್ತೂವರೆ ಸೆಕೆಂಡು: ಪಿಕಪ್ ಗಾಡಿಗಳ ಈ ಲೆಕ್ಕ ಎಷ್ಟು ನಿಜ?

ಅಮೆರಿಕದ ರಿವಿಯನ್ ಕಂಪನಿ 2025ರಲ್ಲಿ ನಾಲ್ಕು ಮೋಟಾರಿನ ಹೊಸ ಎಲೆಕ್ಟ್ರಿಕ್ ಪಿಕಪ್ ಬಿಟ್ಟಿದೆ. ಹೆಸರು ಆರ್1ಟಿ, ಶಕ್ತಿ 1,025 ಹಾರ್ಸ್‌ಪವರ್. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದ್ರೆ 402 ಮೀಟರ್ ದೂರವನ್ನ 10.5 ಸೆಕೆಂಡಿನಲ್ಲಿ ಮುಟ್ಟುತ್ತೆ ಅನ್ನೋದು ಕಂಪನಿಯ ಮಾತು. ಅದೂ ಸ್ಟಾಕ್ ಗಾಡಿ, ಶೋರೂಮಿನಿಂದ ಬಂದ ಹಾಗೇ, ಏನೂ ಆಲ್ಟರ್ ಮಾಡಿಸದೆ.

ಇಂಥ ಗಾಡಿಗಳ ರೀಲ್ಸ್ ಈಗ ನಮ್ಮ ಫೋನುಗಳಲ್ಲೂ ಓಡ್ತಿವೆ. ‘ಪಿಕಪ್ ಫೆರಾರಿನ ಸೋಲಿಸ್ತು’ ಅಂತ ಒಂದು. ‘ಪೋರ್ಷೆ ಎಳ್ಕೊಂಡೇ ಇನ್ನೊಂದು ಪೋರ್ಷೆನ ಸೋಲಿಸ್ತು’ ಅಂತ ಇನ್ನೊಂದು. ಮೊದಲನೆಯದು ನಿಜ. ಎರಡನೆಯದು ಅರ್ಧ ನಿಜ, ಅದೂ ಅಳತೆ ಪ್ರಕಾರ ಸರಿಯಾಗಿ ಅರ್ಧ.

ಫೆರಾರಿ ಕಥೆ 1991ರದ್ದು. ಜಿಎಂಸಿ ಕಂಪನಿ ಸೈಕ್ಲೋನ್ ಅನ್ನೋ ಸಣ್ಣ ಪಿಕಪ್ ಮಾಡಿತ್ತು. ಆರು ಸಿಲಿಂಡರ್ ಟರ್ಬೊ ಇಂಜಿನ್, 280 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಎಳೆತ. ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಅದನ್ನ ಫೆರಾರಿ 348 ಜೊತೆ ಓಡಿಸಿತು. ಸೈಕ್ಲೋನ್ 14.1 ಸೆಕೆಂಡು, ಫೆರಾರಿ 14.5. ಫೆರಾರಿ ಬೆಲೆ ಇದರ ನಾಲ್ಕು ಪಟ್ಟಿಗೂ ಹೆಚ್ಚು!

ಆದ್ರೆ ಗೆರೆ ದಾಟುವಾಗಿನ ವೇಗ ನೋಡಿ. ಸೈಕ್ಲೋನ್ ಗಂಟೆಗೆ 93 ಮೈಲಿ, ಫೆರಾರಿ 99 ಮೈಲಿ. ನಾಲ್ಕೂ ಚಕ್ರ ಒಟ್ಟಿಗೆ ನೆಲ ಹಿಡಿದದ್ದಕ್ಕೆ ಪಿಕಪ್ ಮೊದಲೇ ಮುಂದೆ ಹೋಗಿತ್ತು, ಫೆರಾರಿ ಹಿಂದಿನಿಂದ ಹತ್ತಿರ ಬರ್ತಾ ಇತ್ತು. ರಸ್ತೆ ಇನ್ನಷ್ಟು ಉದ್ದ ಇದ್ದಿದ್ರೆ ಫಲಿತಾಂಶ ತಿರುಗ್ತಿತ್ತು.

ಇನ್ನೊಂದು ವಿಷಯ ರೀಲ್ಸ್‌ನಲ್ಲಿ ಬರಲ್ಲ. ಸೈಕ್ಲೋನ್ ಹೊರಬಹುದಾದ ಭಾರ ಬರೀ 227 ಕೆ.ಜಿ. ನಮ್ಮ ಲೆಕ್ಕದಲ್ಲಿ ನಾಲ್ಕು ಚೀಲ ಸಿಮೆಂಟು. ಐದನೇ ಚೀಲ ಹೇರಿದ್ರೆ ಓವರ್‌ಲೋಡ್.

ಆಮೇಲೆ ಬಂದವುಗಳೂ ಹೆಚ್ಚುಕಮ್ಮಿ ಇದೇ ಜಾತಿ. 2004ರ ಡಾಡ್ಜ್ ರಾಮ್ ಎಸ್‌ಆರ್‌ಟಿ-10ಗೆ ವೈಪರ್ ಸ್ಪೋರ್ಟ್ಸ್ ಕಾರಿನ 8.3 ಲೀಟರ್ ಇಂಜಿನ್ ಇಳಿಸಿದ್ರು. 2021ರ ರಾಮ್ ಟಿಆರ್‌ಎಕ್ಸ್ 702 ಹಾರ್ಸ್‌ಪವರ್‌ನದ್ದು, ಕಾಲು ಮೈಲಿಗೆ 12.3 ಸೆಕೆಂಡು ತಗೊಂಡಿತು. ಆದ್ರೆ ಅದು ಹೊರೋದು 600 ಕೆ.ಜಿ.ಗಿಂತ ಸ್ವಲ್ಪ ಕಮ್ಮಿ. ನಮ್ಮ ಸಂತೆಗೆ ಟೊಮೆಟೊ ತರುವ ಬೊಲೆರೊ ಪಿಕಪ್ 1.3 ಟನ್ ಹೊರುತ್ತೆ.

ಈಗ ಪೋರ್ಷೆ ವಿಷಯಕ್ಕೆ ಬರೋಣ. 2023ರ ನವೆಂಬರ್ 30ರಂದು ಟೆಸ್ಲಾ ಕಂಪನಿ ಸೈಬರ್‌ಟ್ರಕ್ ಬಿಡುಗಡೆ ಮಾಡಿದಾಗ ಒಂದು ವಿಡಿಯೊ ತೋರಿಸಿತು. ಟ್ರಕ್ಕು ಟ್ರೇಲರ್ ಮೇಲೆ ಪೋರ್ಷೆ 911 ಎಳೆದುಕೊಂಡು, ಪಕ್ಕದಲ್ಲಿದ್ದ ಇನ್ನೊಂದು 911ಗಿಂತ ಮೊದಲು ಗೆರೆ ಮುಟ್ಟಿತು. ಕಾಲು ಮೈಲಿ ಅಂತ ಹೇಳಿದ್ರು. ಸೂಕ್ಷ್ಮವಾಗಿ ನೋಡಿದವರು ಹಿಡಿದುಬಿಟ್ಟರು: ಗೆರೆ ಇದ್ದದ್ದು ಎಂಟನೇ ಒಂದು ಮೈಲಿಗೆ, 201 ಮೀಟರಿಗೆ. ‘ಮೋಟರ್‌ಟ್ರೆಂಡ್’ ಪತ್ರಿಕೆ ಆಮೇಲೆ ಪೂರ್ತಿ ದೂರ ಓಡಿಸಿದಾಗ ಪೋರ್ಷೆಯೇ ಗೆದ್ದಿತು. ಟ್ರೇಲರ್ ಇಲ್ಲದೆ ಓಡಿದ್ರೆ ಈ ಟ್ರಕ್ಕು 11 ಸೆಕೆಂಡಿನದ್ದು, ನಿಜವಾಗಿಯೂ ಭಾರೀ ವೇಗ. ಅದಕ್ಕೆ ಈ ಸುಳ್ಳು ಬೇಕೇ ಇರಲಿಲ್ಲ.

ಗೆರೆ ಎಲ್ಲಿ ಮುಗಿಯುತ್ತೆ ಅನ್ನೋದರ ಹಾಗೇ ಎಲ್ಲಿ ಶುರು ಅನ್ನೋದೂ ಮುಖ್ಯ. ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಮುಂದಿನ ಚಕ್ರ ಬೆಳಕಿನ ಕಿರಣವನ್ನ ದಾಟಿ ಹೋದ ಮೇಲಷ್ಟೇ ಗಡಿಯಾರ ಓಡೋದು. ಸುಮಾರು ಒಂದಡಿ ಪುಕ್ಕಟೆ. ಸೊನ್ನೆಯಿಂದ 60 ಮೈಲಿ ವೇಗ ಮುಟ್ಟುವ ಲೆಕ್ಕದಲ್ಲೂ ಅಮೆರಿಕದ ಪತ್ರಿಕೆಗಳು ಈ ಒಂದಡಿ ಕಳೀತಾರೆ. ಟೆಸ್ಲಾನೂ ಕಳೆಯುತ್ತೆ, ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಇದರಿಂದ 0.2, 0.3 ಸೆಕೆಂಡು ಉಳಿಯುತ್ತೆ. ತಕ್ಕಡಿ ಇಟ್ಟವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ಹಾಗೇ ಕಳೆದರೆ ಹೋಲಿಕೆಗೆ ತೊಂದರೆ ಇಲ್ಲ. ಒಬ್ಬ ಕಳೆದು ಇನ್ನೊಬ್ಬ ಕಳೀದೇ ಇದ್ರೆ ಮೋಸ.

ಮತ್ತೆ ಈ ಓಟಗಳೆಲ್ಲ ಹಿಂದಿನ ತೊಟ್ಟಿ ಖಾಲಿ ಇಟ್ಟುಕೊಂಡು ಓಡಿದವು.

ಸೆಕೆಂಡುಗಳ ಮೇಲೆ ಇಷ್ಟೊಂದು ಪೈಪೋಟಿ ಇದ್ರೂ ಅಲ್ಲಿನ ಎಲೆಕ್ಟ್ರಿಕ್ ಪಿಕಪ್ ವ್ಯಾಪಾರ ಅಂದುಕೊಂಡಂತೆ ನಡೆದಿಲ್ಲ. ಸರ್ಕಾರ ಕೊಡ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಡಿಸೆಂಬರ್‌ನಲ್ಲಿ ಫೋರ್ಡ್ ತನ್ನ ಪೂರ್ತಿ ಎಲೆಕ್ಟ್ರಿಕ್ ಎಫ್-150 ಲೈಟ್ನಿಂಗ್ ತಯಾರಿ ನಿಲ್ಲಿಸೋದಾಗಿ ಹೇಳಿತು.

ನಮ್ಮಲ್ಲಿ ಈ ಗಾಡಿಗಳಿಲ್ಲ, ರೀಲ್ಸ್ ಮಾತ್ರ ಇದೆ. ಅದನ್ನ ನೋಡಿ ಇರೋ ಗಾಡಿಯಲ್ಲೇ ಬೈಪಾಸ್ ಮೇಲೆ ಟೈಮ್ ಹಾಕುವ ಹುಡುಗರು ಒಂದು ವಿಷಯ ಗಮನಿಸಬೇಕು. ಡ್ರ್ಯಾಗ್ ಸ್ಟ್ರಿಪ್‌ಗೆ ಚಕ್ರ ಜಾರದಂತೆ ಅಂಟು ಹಾಕಿರ್ತಾರೆ. ಗೆರೆ ದಾಟಿದ ಮೇಲೆ ಗಾಡಿ ನಿಲ್ಲಿಸೋಕೆ ಅಂತಲೇ ಉದ್ದದ ಖಾಲಿ ರಸ್ತೆ ಇರುತ್ತೆ. 4.1 ಟನ್ ತೂಕದ ಎಲೆಕ್ಟ್ರಿಕ್ ಹಮ್ಮರ್ ಪಿಕಪ್ 11.9 ಸೆಕೆಂಡಿಗೆ ಗೆರೆ ದಾಟುವಾಗ ಗಂಟೆಗೆ 170 ಕಿ.ಮೀ. ವೇಗದಲ್ಲಿರುತ್ತೆ. ಅದರ ಮುಂದೆ ಎತ್ತಿನಗಾಡಿ ಬರಲ್ಲ, ಶಾಲೆ ಬಿಟ್ಟ ಮಕ್ಕಳು ಬರಲ್ಲ. ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದ್ರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಬೀಳುತ್ತೆ: ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ.