ನಾಯಿಯ ಕಿವಿಗೆ ಎಣ್ಣೆ ಬೇಡ

ಹಳೆಯ ವಿದ್ಯಾರ್ಥಿಗಳು ಫೋನು ಮಾಡಿದಾಗ ಈಗೀಗ ಮಕ್ಕಳ ಕುಶಲದೊಡನೆ ಮನೆಯ ನಾಯಿಯ ಕುಶಲವನ್ನೂ ತಿಳಿಸುತ್ತಾರೆ. ಮಳೆಗಾಲ ಬಂತೆಂದರೆ ಒಂದು ದೂರು ತಪ್ಪದು: "ಮೇಷ್ಟ್ರೇ, ನಾಯಿ ತಲೆ ಕೊಡವುತ್ತಲೇ ಇರುತ್ತೆ. ಕಿವಿಯಲ್ಲಿ ಕಂದುಬಣ್ಣದ ಗುಗ್ಗೆ, ಹುಳಿವಾಸನೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಲಾ?" ಬೇಡ ಎಂಬುದೇ ನನ್ನ ಖಚಿತ ಅಭಿಪ್ರಾಯ. ಕಾರಣ ಹೇಳದೆ ಬಿಡುವುದು ಮೇಷ್ಟರ ಜಾಯಮಾನವಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಇಂತಹ ತೊಂದರೆಗೆ ಅನೇಕ ವೇಳೆ ಕಾರಣವಾಗುವುದು ಮಲಸೀಜಿಯಾ ಪ್ಯಾಕಿಡರ್ಮಾಟಿಸ್ ಎಂಬ ಯೀಸ್ಟ್. 1925ರಲ್ಲಿ ವೀಡ್‌ಮನ್ ಎಂಬ ವಿಜ್ಞಾನಿ ಇದನ್ನು ಗುರುತಿಸಿದ್ದು ಭಾರತೀಯ ಘೇಂಡಾಮೃಗವೊಂದರ ಚರ್ಮದಲ್ಲಿ. ದಪ್ಪಚರ್ಮವನ್ನು ಸೂಚಿಸುವ ಹೆಸರು ಬಂದದ್ದು ಹಾಗೆ. ಇದು ಹೊರಗಿನಿಂದ ನುಗ್ಗಿದ ಶತ್ರುವಲ್ಲ. ಆರೋಗ್ಯವಂತ ನಾಯಿಯ ಕಿವಿಯಲ್ಲೂ ಮಿತವಾಗಿ ವಾಸಿಸುತ್ತದೆ. ತೇವ ಮತ್ತು ಗುಗ್ಗೆ ಹೆಚ್ಚಿದಾಗ, ಮುಖ್ಯವಾಗಿ ಅಲರ್ಜಿಯಿಂದ ಕಿವಿಯ ಒಳಚರ್ಮ ಕೆರಳಿದಾಗ, ಮಿತಿಮೀರಿ ಬೆಳೆಯುತ್ತದೆ.

ನಾಯಿಯ ಕಿವಿನಾಳ ಮೊದಲು ಕೆಳಕ್ಕಿಳಿದು ಬಳಿಕ ಒಳಕ್ಕೆ ತಿರುಗುತ್ತದೆ. ಸುರಿದ ಎಣ್ಣೆ ಆ ತಿರುವಿನಲ್ಲಿ ಗುಗ್ಗೆಯೊಡನೆ ಕಲೆತು ನಿಲ್ಲುತ್ತದೆ. ಹತ್ತಿಕಡ್ಡಿ ಕೊಳೆಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ವಿನಿಗರ್, ಹೈಡ್ರೋಜನ್ ಪೆರಾಕ್ಸೈಡ್‌ಗಳು ಹುಣ್ಣಾದ ಚರ್ಮವನ್ನು ಉರಿಸುತ್ತವೆ. ಕಿವಿತಮಟೆ ಹರಿದಿದ್ದರಂತೂ ಕೆಲವು ಔಷಧಿಗಳೇ ಶ್ರವಣಶಕ್ತಿಗೆ ಕುತ್ತು ತರಬಲ್ಲವು. ಆದುದರಿಂದ ಕಳೆದ ವರ್ಷ ಉಳಿದ ಸೀಸೆಯನ್ನು ಅಲಮಾರಿನಿಂದ ತೆಗೆಯುವುದೂ ಸಲ್ಲದು.

ಬ್ಯಾಕ್ಟೀರಿಯಾ, ನುಸಿ ಇವೂ ಇದೇ ಲಕ್ಷಣಗಳನ್ನು ತೋರುತ್ತವೆ. ಮದ್ದು ಮಾತ್ರ ಬೇರೆ ಬೇರೆ. ಪಶುವೈದ್ಯರು ಕಿವಿಯೊಳಗೆ ನೋಡಿ, ಗುಗ್ಗೆಯನ್ನು ಗಾಜಿನ ಪಟ್ಟಿಗೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ, ಈ ಯೀಸ್ಟ್ ಸಣ್ಣ ಕಡಲೆಕಾಯಿಯ ಆಕಾರದಲ್ಲಿ ಕಾಣುತ್ತದೆ. ಕೆಲವೇ ನಿಮಿಷಗಳ ಕೆಲಸ. "ಸುಮ್ಮನೆ ಡ್ರಾಪ್ಸ್ ಬರೆದುಕೊಡಿ ಸಾಕು" ಎನ್ನಬೇಡಿ. ಆ ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿಕೊಳ್ಳಿ. ಯೀಸ್ಟ್ ಎಂದು ಖಚಿತವಾದರೆ ಕಿವಿ ಶುಚಿಗೊಳಿಸುವ ದ್ರಾವಣ, ಮೈಕೊನಜೋಲ್ ಅಥವಾ ಕ್ಲೋಟ್ರಿಮಜೋಲ್ ಇರುವ ಹನಿಗಳನ್ನು ಕೊಡುತ್ತಾರೆ. ವಾಸನೆ ನಿಂತಿತೆಂದು ಅರ್ಧದಲ್ಲಿ ಬಿಡದೆ, ಹೇಳಿದಷ್ಟು ದಿನ ಹಾಕಿ ಮರುಪರೀಕ್ಷೆ ಮಾಡಿಸಬೇಕು.

ವರ್ಷಕ್ಕೆ ಎರಡು ಮೂರು ಸಲ ಮರುಕಳಿಸಿದರೆ ಹನಿ ಬದಲಿಸುವುದಕ್ಕಿಂತ ಅಲರ್ಜಿಯನ್ನು ಹುಡುಕಬೇಕು. ಆಹಾರದ ಅಲರ್ಜಿಯ ಶಂಕೆಯಿದ್ದರೆ ವೈದ್ಯರು ಸೂಚಿಸಿದ ಪಥ್ಯವನ್ನು ಸುಮಾರು ಎಂಟು ವಾರ ಕಟ್ಟುನಿಟ್ಟಾಗಿ ನಡೆಸಬೇಕು. ನಡುವೆ ಬಿಸ್ಕತ್ತಿನ ಮುದ್ದು ಕೂಡದು. ವರ್ಷಾನುಗಟ್ಟಲೆ ಅಲಕ್ಷಿಸಿದರೆ ಕಿವಿನಾಳ ದಪ್ಪಗಟ್ಟಿ ಮುಚ್ಚಿಹೋಗಬಹುದು. ಆಗ ಉಳಿಯುವ ದಾರಿ ನಾಳವನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುವುದು.

ಸ್ನಾನವಾದ ಮೇಲೆ ಕಿವಿಯ ತೇವ ಒರೆಸಿ. ವಾರಕ್ಕೊಮ್ಮೆ ಕಿವಿ ಎತ್ತಿ ನೋಡಿ, ಮೂಸಿ ನೋಡಿ. ಬಾಗಿಲ ಬಳಿ ನಿಮ್ಮ ಹೆಜ್ಜೆಯ ಸದ್ದಿಗೆ ಎದ್ದು ನಿಲ್ಲುವ ಆ ಕಿವಿಗೆ ಇಷ್ಟು ಸೇವೆ ಹೆಚ್ಚೇನಲ್ಲ.