ಬೊಂಬೆ ಮಾರುವವನಿಗೆ ತೆರಿಗೆಯ ಗುಮ್ಮ

ಕರಕುಶಲ ಮೇಳದ ದಿನ ಹತ್ತಿರ ಬಂತೆಂದರೆ ಚನ್ನಪಟ್ಟಣದ ಬೊಂಬೆ ಕೆಲಸದವರಿಗೆ ಎರಡು ಚಿಂತೆ. ಒಂದು, ಆಲೆ ಮರದ ಬೊಂಬೆಗೆ ಅರಗಿನ ಬಣ್ಣ ಹಾಕಿ ಹೊತ್ತಿಗೆ ಸರಿಯಾಗಿ ಮುಗಿಸುವುದು. ಇನ್ನೊಂದು, 'ಜಿಎಸ್‌ಟಿ ನಂಬರ್ ಇದೆಯೇನ್ರೀ?' ಎಂದು ಕೇಳುವವರಿಗೆ ಉತ್ತರ ಹೇಳುವುದು. ಮೊದಲನೆಯದು ಕೈಗೆ ಹತ್ತಿದ ವಿದ್ಯೆ. ಎರಡನೆಯದು ಬರೀ ತಲೆನೋವು.

1957ರ ಕಾಯ್ದೆಯ ಮಾರಾಟ ತೆರಿಗೆ ಹೋಗಿ 2005ರಲ್ಲಿ ವ್ಯಾಟ್ ಬಂತು. ಅದೂ ಹೋಗಿ 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಹೆಸರು ಬದಲಾಯಿತೇ ಹೊರತು ಸಣ್ಣವನ ಎದೆಯ ಪುಕಪುಕ ನಿಲ್ಲಲಿಲ್ಲ.

ಹಾಗಾದರೆ ಕಾನೂನು ಹೇಳುವುದೇನು? ರಾಜ್ಯದೊಳಗೇ ಸರಕು ಮಾರುವವನ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ನೋಂದಣಿಯ ಗೊಡವೆಯೇ ಬೇಡ. 2019ರ ಏಪ್ರಿಲ್ 1ರಿಂದ ಇರುವ ಮಿತಿ ಇದು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಾಲ್ಕು ದಿನ ಮಳಿಗೆ ಹಾಕುವ ಬೊಂಬೆಯವರು ಬಹುಪಾಲು ಇದರೊಳಗೇ ಬರುತ್ತಾರೆ.

ತೊಡಕು ಶುರುವಾಗುವುದು ಗಡಿ ದಾಟಿದ ಮೇಲೆ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಮೇಳಕ್ಕಾಗಿ ಅಂಗಡಿ ತೆರೆಯುವವನು ಕಾನೂನಿನ ಕಣ್ಣಿಗೆ 'ಸಾಂದರ್ಭಿಕ ತೆರಿಗೆದಾರ'. ಅಂಥವನ ವ್ಯಾಪಾರ ಎಷ್ಟೇ ಚಿಕ್ಕದಾಗಿರಲಿ, ಐದು ದಿನ ಮೊದಲೇ ಅರ್ಜಿ ಹಾಕಬೇಕು, ಬರಬಹುದಾದ ತೆರಿಗೆಯನ್ನು ಅಂದಾಜು ಮಾಡಿ ಮುಂಗಡ ಕಟ್ಟಬೇಕು. ಇಷ್ಟೆಲ್ಲ ಮಾಡಿ ಸಿಗುವ ನೋಂದಣಿಯ ಆಯಸ್ಸು 90 ದಿನ. ಬೊಂಬೆ ಮಾರುವ ಮೊದಲೇ ಬೊಂಬೆಯ ತೆರಿಗೆ ಕಟ್ಟು ಅಂದರೆ ಬಡವ ಎಲ್ಲಿಂದ ತಂದಾನು?

ಇದು ದೆಹಲಿಗೂ ಹೊಳೆಯಿತು. ಕೈಕೆಲಸದವರಿಗೆ ಈ ನೋಂದಣಿಯಿಂದ 2017ರ ಸೆಪ್ಟೆಂಬರಿನಲ್ಲೇ ವಿನಾಯಿತಿ ಸಿಕ್ಕಿತು. 2018ರ ಅಕ್ಟೋಬರಿನಲ್ಲಿ ಅದು ಹೊಸ ಅಧಿಸೂಚನೆಯಾಗಿ ಬಂತು. ಅರಗಿನ ಮರಗೆಲಸ, ಕೆತ್ತನೆ, ಬಿದಿರಿನ ಸಾಮಾನು ಎಲ್ಲ ಆ ಪಟ್ಟಿಯಲ್ಲಿವೆ. ಮುಖ್ಯವಾಗಿ ಕೈಯಿಂದಲೇ ಮಾಡಿದ್ದಾದರೆ ನಡುವೆ ಒಂದಿಷ್ಟು ಯಂತ್ರ ಬಳಸಿದರೂ ಅಡ್ಡಿಯಿಲ್ಲ. ಷರತ್ತು ಮೂರೇ: ಇಡೀ ದೇಶದ ವಹಿವಾಟು ಸೇರಿ ವರ್ಷಕ್ಕೆ 20 ಲಕ್ಷ ಮೀರಬಾರದು, ಪ್ಯಾನ್ ಇರಬೇಕು, ಸರಕಿನ ಜೊತೆ ಇ-ವೇ ಬಿಲ್ ಇರಬೇಕು.

ಕೊನೆಯದೇ ಕಾಲಿಗೆ ತೊಡರುವ ಬಳ್ಳಿ. ಉಳಿದ ವರ್ತಕರಿಗೆ ಸಾಮಾನ್ಯವಾಗಿ 50 ಸಾವಿರ ರೂಪಾಯಿ ಮೀರಿದ ಸರಕಿಗೆ ಮಾತ್ರ ಇ-ವೇ ಬಿಲ್. ವಿನಾಯಿತಿ ಪಡೆದು ರಾಜ್ಯದ ಗಡಿ ದಾಟುವ ಕೈಕೆಲಸದವನಿಗೆ ಮಾತ್ರ ಎರಡೇ ಚೀಲ ಬೊಂಬೆ ಇದ್ದರೂ ಅದು ಬೇಕು! ದೊಡ್ಡವನಿಗೆ ಸಡಿಲ, ಚಿಕ್ಕವನಿಗೆ ಬಿಗಿ. ಇದು ಯಾವ ನ್ಯಾಯ ಸ್ವಾಮಿ?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಸುಳ್ಳಲ್ಲ. ವಿನಾಯಿತಿ ಕಾಗದದ ಮೇಲಿದೆ, ಕುಶಲಕರ್ಮಿಯ ಕಿವಿಗೆ ಬಿದ್ದಿಲ್ಲ. ಮೇಳ ನಡೆಸುವವರು ನಂಬರ್ ಇಲ್ಲದಿದ್ದರೆ ಮಳಿಗೆ ಇಲ್ಲ ಅಂದರೆ, ಹೆದರಿದವನು ಮನೆಗೆ ಬಂದು ಅರ್ಧ ಬೆಲೆಗೆ ದಲ್ಲಾಳಿಗೆ ಕೊಡುತ್ತಾನೆ. ತೆರಿಗೆಯೂ ಬರಲಿಲ್ಲ, ಬೊಂಬೆ ಮಾಡಿದವನಿಗೆ ಲಾಭವೂ ಸಿಗಲಿಲ್ಲ.

ಹೆದರಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2025ರ ಜುಲೈನಲ್ಲಿ ರಾಜ್ಯವೇ ನೋಡಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವರ್ತಕರಿಗೆ ನೋಟಿಸು ಕಳಿಸಿದ್ದೇ ತಡ, ಬೇಕರಿ, ಕಾಂಡಿಮೆಂಟ್ಸುಗಳಲ್ಲಿ ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂಬ ಬೋರ್ಡು ಬಂತು. ಮೊದಲೇ ತಿಳಿಹೇಳಿದ್ದರೆ ಅಷ್ಟು ರಂಪ ಆಗುತ್ತಿತ್ತೇ?

ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ಇಲಾಖೆ ಈ ನಿಯಮಗಳನ್ನು ಒಂದೇ ಹಾಳೆಯಲ್ಲಿ, ಸರಳ ಕನ್ನಡದಲ್ಲಿ ಅಚ್ಚು ಹಾಕಿಸಲಿ. ದೊಡ್ಡ ಮೇಳಗಳಲ್ಲಿ ಇ-ವೇ ಬಿಲ್ ಮಾಡಿಕೊಡಲು ಒಬ್ಬ ಗುಮಾಸ್ತನನ್ನು ಕೂರಿಸಲಿ. ಎರಡು ಚೀಲದ ಬೊಂಬೆಗೂ ಬಿಲ್ ಕೇಳುವ ನಿಯಮ ತೆಗೆಯಲು, 20 ಲಕ್ಷದ ಮಿತಿಯನ್ನೂ 40 ಲಕ್ಷಕ್ಕೆ ಏರಿಸಲು ರಾಜ್ಯ ಸರ್ಕಾರ ಜಿಎಸ್‌ಟಿ ಮಂಡಳಿಯಲ್ಲಿ ಬಾಯಿ ಬಿಡಲಿ.

ಕುಶಲಕರ್ಮಿಗಳಿಗೂ ಜವಾಬ್ದಾರಿ ಇದೆ. ಪ್ರತಿ ಮೇಳದ ಮಾರಾಟ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ನಾಳೆ ಯಾರಾದರೂ ಲೆಕ್ಕ ಕೇಳಿದರೆ ಅದೇ ಸಾಕ್ಷಿ. ಕಾರ್ಖಾನೆಯ ಪ್ಲಾಸ್ಟಿಕ್ ಆಟಿಕೆ ತಂದು 'ಕೈಯದು' ಅಂತ ಮಾರುವವರಿಗೆ ಈ ರಿಯಾಯಿತಿ ಇಲ್ಲ, ಇರಲೂ ಬಾರದು.

ಗಿರಾಕಿಗಳೂ ಒಂದು ಮಾತು ನೆನಪಿಟ್ಟುಕೊಳ್ಳಲಿ. ನೋಂದಣಿ ಇಲ್ಲದವನು 'ಜಿಎಸ್‌ಟಿ ಬೇರೆ' ಎಂದು ಮೇಲೆ ದುಡ್ಡು ಕೇಳುವ ಹಾಗಿಲ್ಲ. ಕೇಳಿದರೆ ನಂಬರ್ ತೋರಿಸು ಅನ್ನಿ. ನೆಟ್ಟಗೆ ಮಾರುವವನಿಗೆ ಮಾತ್ರ ಚೌಕಾಸಿ ಮಾಡದೆ ಕೊಟ್ಟುಬಿಡಿ.

ಬೊಂಬೆ ಆಡಿಸಬೇಕಾದ್ದು ಮಕ್ಕಳು. ಬೊಂಬೆ ಮಾಡುವವನನ್ನು ಕಚೇರಿಯ ಕಾಗದ ಆಡಿಸುವುದು ನಿಲ್ಲಲಿ.